ಲವ್ ಬರ್ಡ್ ಶಾವಕ ಪರೀಕ್ಷಾ ಶಾಸ್ತ್ರ (ಜೇಜುರಿ ಪಾಠ)

ಅನುಬಂಧ ಪ್ರಕರಣ

ಯಾವ ಶಾಸ್ತ್ರಗ್ರಂಥಕ್ಕಾದರೂ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಪ್ರಕೃತ ಗ್ರಂಥದ ವಿಷಯ: ಬ್ರೀಡರ್ ಮನೆಯ ಪಂಜರದಿಂದ ಲವ್ ಬರ್ಡ್ ಮರಿ ಆರಿಸುವ ಬಗೆ. ಅಧಿಕಾರಿ: ಮದುವೆಯಾದ ಹೊಸತರಲ್ಲಿ ಮನೆದೇವರ ದರ್ಶನಕ್ಕೆಂದು ಜೇಜುರಿಗೆ ಬಂದು, ಪದ್ಧತಿಯಂತೆ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲು ಹತ್ತಿ, ಸೊಂಟ ಹಿಡಿದುಕೊಂಡು ಇಳಿದ ಗೃಹಸ್ಥ. ಸಂಬಂಧ: ಇಳಿಯುವಾಗ ಆಕೆ ಉಪದೇಶಿಸಿದ "ರೀ, ಒಂದ್ ಜೋಡಿ ಲವ್ ಬರ್ಡ್ಸ್ ತಗೊಳ್ಳೂಣ್ರಿ" ಎಂಬ ಸೂತ್ರ. ಪ್ರಯೋಜನ: ವಾರದೊಳಗೆ ಪಂಜರ ಖಾಲಿಯಾಗದಿರುವುದು. ಮೋಕ್ಷ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.

ಇಂಥ ಶಾಸ್ತ್ರಕ್ಕೆ ಜೇಜುರಿಯೇ ಏಕೆ ಎಂದು ಶಿಷ್ಯನು ಕೇಳಬಹುದು. ಪುಣೆಯಿಂದ ಸುಮಾರು 50 ಕಿಲೋಮೀಟರ್ ದೂರದ ಈ ಗುಡ್ಡದ ಖಂಡೋಬನೇ ನಮ್ಮ ಮೈಲಾರಲಿಂಗ. ಹೂವಿನಹಡಗಲಿಯ ಮೈಲಾರ, ರಾಣೆಬೆನ್ನೂರಿನ ದೇವರಗುಡ್ಡಗಳಲ್ಲಿ ಕೂಗುವ "ಏಳುಕೋಟಿ" ಇಲ್ಲಿಯೂ ಕೇಳುತ್ತದೆ. ಆದ್ದರಿಂದ ಕನ್ನಡಿಗ ಇಲ್ಲಿ ಪರದೇಶಿಯಲ್ಲ. ಇದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ಪುಷ್ಯ ಮಾಸದ ಹುಣ್ಣಿಮೆಗೆ ಜೇಜುರಿಯಲ್ಲಿ ಕತ್ತೆಗಳ ಸಂತೆ ಕೂಡುತ್ತದೆ. ಗುಜರಾತಿನ ಕಾಠಿಯಾವಾಡದಿಂದಲೂ ಕತ್ತೆಗಳು ಬರುತ್ತವೆ. ಪ್ರಾಣಿಯನ್ನು ಕಣ್ಣಿಟ್ಟು ನೋಡಿ ಕೊಳ್ಳುವ ವಿದ್ಯೆಗೆ ಈ ಊರು ಹಳೆಯ ಪೀಠ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಸಂಜ್ಞಾ ಪ್ರಕರಣ

ಲವ್ ಬರ್ಡ್ ಎಂದರೆ ಯಾವುದು? ನಮ್ಮ ಅಂಗಡಿಗಳಲ್ಲಿ ಈ ಹೆಸರಿನಿಂದ ಕೊಡುವುದು ಬಹುಪಾಲು ಆಸ್ಟ್ರೇಲಿಯಾದ ಬಜರಿಗರ್, ಅಂದರೆ ಬೆನ್ನ ಮೇಲೆ ಬಳೆ ಬಳೆ ಗೆರೆಯಿರುವ ಉದ್ದ ಬಾಲದ ಹಕ್ಕಿ. ನಿಜವಾದ ಲವ್ ಬರ್ಡ್ ಅಗಪೋರ್ನಿಸ್ ಕುಲದ್ದು. ಅದರಲ್ಲಿ ಒಂಬತ್ತು ಜಾತಿ, ಎಂಟು ಆಫ್ರಿಕಾ ಖಂಡದವು, ಒಂದು ಮಡಗಾಸ್ಕರಿನದು. ಮೊಂಡು ಬಾಲ, ದಪ್ಪ ತಲೆ, 50 ಗ್ರಾಂ ಆಸುಪಾಸಿನ ತೂಕ, ತೂಕಕ್ಕೆ ತಾಳೆಯಾಗದ ಸಿಟ್ಟು. ಅಂಗಡಿಯವರು ಇದನ್ನು "ಆಫ್ರಿಕನ್" ಎಂದು ಬೇರೆ ಮಾಡಿ ಹೇಳುತ್ತಾರೆ, ಬೆಲೆಯನ್ನೂ ಬೇರೆಯಾಗಿಯೇ ಹೇಳುತ್ತಾರೆ. ಬಜರಿಗರ್ ತಂದು ಲವ್ ಬರ್ಡ್ ಸಾಕಿದೆನೆಂದು ಹೇಳಿಕೊಳ್ಳುವವರ ಸುಖಸಂಸಾರಕ್ಕೆ ಈ ಶಾಸ್ತ್ರ ಅಡ್ಡಿ ಬರುವುದಿಲ್ಲ.

ಪೂರ್ವಪಕ್ಷ ಪ್ರಕರಣ

ಮರಿ ಆರಿಸುವಲ್ಲಿ ಮೂರು ಮತಗಳಿವೆ. ಮೊದಲನೆಯವರು ವರ್ಣವಾದಿಗಳು. ಬಣ್ಣ ಚೆಂದವಿದ್ದರೆ ಮರಿ ಚೆಂದ ಎಂಬುದು ಇವರ ನಿಲುವು. ಅದರಲ್ಲೂ ಮೈಯೆಲ್ಲ ಹಳದಿಯಿರುವ ಲುಟಿನೋ ಇವರಿಗೆ ಇಷ್ಟದೈವ. ಜೇಜುರಿಯಲ್ಲಿ ಈ ಮತ ನಿಲ್ಲುವುದಿಲ್ಲ. ಸೋಮವತಿ ಅಮಾವಾಸ್ಯೆಯಂದು ಪಲ್ಲಕ್ಕಿ ಕರ್ಹಾ ನದಿಗೆ ಹೊರಟಾಗ ಎರಚುವ ಭಂಡಾರಕ್ಕೆ, ಅಂದರೆ ಅರಿಶಿನದ ಪುಡಿಗೆ, ಮೆಟ್ಟಿಲು, ಮಾಲೆ, ಮಾವ, ಮೊಬೈಲು ಎಲ್ಲವೂ ಲುಟಿನೋ ಆಗುತ್ತವೆ. ಹಕ್ಕಿಯೊಂದು ಹಳದಿಯಾದರೆ ಅದನ್ನು ಪ್ರಮಾಣ ಎನ್ನುವಂತಿಲ್ಲ. ಇಲ್ಲಿ ಸೂಕ್ಷ್ಮ ವಿಚಾರ: ಗಿಳಿಯ ಹಸಿರು ಒಂಟಿ ಬಣ್ಣವಲ್ಲ. ಗರಿಯೊಳಗಿನ ಸಿಟ್ಟಾಕೋಫಲ್ವಿನ್ ಎಂಬ ಹಳದಿ ದ್ರವ್ಯ, ಗರಿಯ ರಚನೆಯಿಂದಲೇ ಹೊಮ್ಮುವ ನೀಲಿ, ಎರಡೂ ಸೇರಿ ಹಸಿರು. ಹಳದಿ ಇಲ್ಲದೆ ಹುಟ್ಟಿದ ಮರಿ ನೀಲಿ. ಕಪ್ಪು ದ್ರವ್ಯ ಇಲ್ಲದೆ ಹುಟ್ಟಿದ್ದು ಲುಟಿನೋ. ಆದಕಾರಣ ದುಬಾರಿ ನೀಲಿ ಮರಿಯನ್ನು ಜಾತ್ರೆಯಲ್ಲಿ ಹಿಡಿದು ನಿಂತರೆ ಭಂಡಾರ ಬಿದ್ದು ಅಗ್ಗದ ಹಸಿರಾಗಿ ಕಾಣುವ ಅಪಾಯವುಂಟು. ಸಂಶಯ ಪರಿಹಾರಕ್ಕೆ ಒಂದು ಗರಿಗೆ ಸುಣ್ಣದ ನೀರು ಮುಟ್ಟಿಸಬಹುದು: ಕೆಂಪಾದರೆ ಅರಿಶಿನ, ಕೆಂಪಾಗದಿದ್ದರೆ ವಂಶ. ಎರಡರಲ್ಲಿ ಯಾವುದಾದರೂ ಹಕ್ಕಿ ಬೆರಳು ಕಚ್ಚುತ್ತದೆ.

ಎರಡನೆಯವರು ಜೋಡಿವಾದಿಗಳು. ಲವ್ ಬರ್ಡ್ ಒಂಟಿಯಾಗಿ ಬದುಕದು, ಜೋಡಿಯಾದರೆ ಜಗಳವಾಡದು ಎಂಬ ಎರಡು ಸೂತ್ರಗಳ ಮೇಲೆ ಇವರ ಮಠ ನಿಂತಿದೆ. ಮೊದಲನೆಯದಕ್ಕೆ ಉತ್ತರ: ಹಕ್ಕಿಗೆ ಸಂಗ ಬೇಕು ನಿಜ, ದಿನವೂ ಹೊತ್ತು ಕೊಡುವ ಮನುಷ್ಯನಿದ್ದರೆ ಒಂಟಿ ಹಕ್ಕಿ ಅವನನ್ನೇ ಜೋಡಿ ಎಂದು ಭಾವಿಸಿ, ಅವನ ಕಿವಿಯನ್ನು ಸ್ವಂತ ಆಸ್ತಿ ಮಾಡಿಕೊಳ್ಳುತ್ತದೆ. ಎರಡನೆಯದಕ್ಕೆ ಉತ್ತರ ಗುಡ್ಡದ ಮೇಲೆಯೇ ಇದೆ. ಸ್ವಾಮಿಯ ಪಕ್ಕ ಹೆಂಡತಿ ಮ್ಹಾಳಸಾ, ಗುಡ್ಡದ ಅರ್ಧ ದಾರಿಯಲ್ಲಿ ಇನ್ನೊಬ್ಬ ಹೆಂಡತಿ ಬಾನಾಯಿ. ಸವತಿಯರ ಜಗಳದ ಹಾಡುಗಳನ್ನು ಜನ ಇಂದಿಗೂ ಹಾಡುತ್ತಾರೆ. ಏಳುಕೋಟಿ ದಂಡಿನ ಒಡೆಯನಿಗೇ ಮನೆಶಾಂತಿಗೆ ಅರ್ಧ ಗುಡ್ಡದ ಅಂತರ ಬೇಕಾಗಿರುವಾಗ, ಎರಡಡಿ ಪಂಜರದಲ್ಲಿ ಕೂಡಿಹಾಕಿದ ಎರಡು ಹೆಣ್ಣು ಲವ್ ಬರ್ಡ್‌ಗಳು ಅನ್ಯೋನ್ಯವಾಗಿರಲಿ ಎಂದು ಬಯಸುವುದು ಅತಿಯಾಸೆ. ಅವು ಕಾಲು ಕಚ್ಚಿ ಗಾಯ ಮಾಡುತ್ತವೆ. ಗಂಡೋ ಹೆಣ್ಣೋ ಎಂಬುದು ಸಾಕುವ ಮುಖ್ಯ ಜಾತಿಗಳಲ್ಲಿ ನೋಟಕ್ಕೆ ತಿಳಿಯದು. ಸೊಂಟದ ಎಲುಬು ಮುಟ್ಟಿ ಹೇಳುವವರ ಮಾತನ್ನು ಜಾತಕದ ಪಕ್ಕ ಇಡಬೇಕು; ಖಚಿತವಾಗಬೇಕಾದರೆ ಕಿತ್ತ ಗರಿಯ ಡಿಎನ್‌ಎ ಪರೀಕ್ಷೆ ಮಾಡಿಸಬೇಕು.

ಬಣ್ಣ ಹೊಂದುತ್ತದೆಂದು ಲವ್ ಬರ್ಡ್ಸ್‌ನಲ್ಲೇ ಬೇರೆ ಬೇರೆ ಜಾತಿಯ ಒಂದು ಪೀಚ್ ಫೇಸ್, ಒಂದು ಫಿಶರ್ ಕೊಳ್ಳುವ ವರ್ಣಜೋಡಿವಾದಿಗಳೂ ಇದ್ದಾರೆ. ಇವರಿಗಾಗಿ ಅಮೆರಿಕದ ಕಾರ್ನೆಲ್‌ನ ವಿಲಿಯಂ ಡಿಲ್ಗರ್ 1962ರಲ್ಲಿ ಒಂದು ನೀತಿಕಥೆ ಪ್ರಕಟಿಸಿದ್ದಾನೆ. ಪೀಚ್ ಫೇಸ್ ಹೆಣ್ಣು ಗೂಡಿಗೆ ಬೇಕಾದ ಪಟ್ಟಿಗಳನ್ನು ಬೆನ್ನ ಗರಿಗಳಿಗೆ ಸಿಕ್ಕಿಸಿಕೊಂಡು ಹಾರುತ್ತದೆ. ಫಿಶರ್ ಕೊಕ್ಕಿನಲ್ಲಿ ಕಚ್ಚಿ ಒಯ್ಯುತ್ತದೆ. ಇವೆರಡರ ಮಿಶ್ರ ಸಂತಾನ ಕಾಗದದ ಪಟ್ಟಿಯನ್ನು ಬೆನ್ನಿಗೆ ಸಿಕ್ಕಿಸುತ್ತದೆ, ಬಿಡಲು ಮರೆಯುತ್ತದೆ, ಮತ್ತೆ ಎಳೆಯುತ್ತದೆ, ಬೀಳಿಸುತ್ತದೆ. ಕೊಕ್ಕಿನಲ್ಲಿ ಒಯ್ಯುವುದು ರೂಢಿಯಾಗಲು ಅವಕ್ಕೆ ಮೂರು ವರ್ಷ ಹಿಡಿಯಿತು. ಆಮೇಲೂ ಕತ್ತು ಹಿಂದಕ್ಕೆ ತಿರುಗಿಸುವ ಚಾಳಿ ಹೋಗಲಿಲ್ಲ. ಅಂತರ್ಜಾತಿ ವಿವಾಹವನ್ನು ಈ ಗ್ರಂಥ ವಿರೋಧಿಸುವುದಿಲ್ಲ. ಸಾಮಾನು ಸಾಗಿಸುವ ವಿಧಾನವನ್ನು ಮದುವೆಗೆ ಮುಂಚೆಯೇ ತೀರ್ಮಾನಿಸಿಕೊಳ್ಳಿ ಎನ್ನುತ್ತದೆ.

ಮೂರನೆಯವರು ಎಳೆವಾದಿಗಳು, ಎಲ್ಲರಿಗಿಂತ ಅಪಾಯಕಾರಿ. ಮರಿ ಎಷ್ಟು ಎಳೆಯದೋ ಅಷ್ಟು ಒಗ್ಗುತ್ತದೆ ಎಂಬುದು ಇವರ ವೇದವಾಕ್ಯ. ಬ್ರೀಡರ್ ಕೂಡ "ಏಕದಮ್ ಟೇಮ್ ಆಹೆ ಸಾಹೇಬ" ಎಂದು ಅರೆಗರಿ ಬಂದ ಮರಿಯನ್ನೂ ಸಿರಿಂಜನ್ನೂ ಕೈಗಿಡುತ್ತಾನೆ. ಕೇಳಿ: ಮೊಟ್ಟೆ ಒಡೆಯಲು ಸುಮಾರು 23 ದಿನ, ಗೂಡು ಬಿಡಲು ಸುಮಾರು ಆರು ವಾರ, ತಾನೇ ಕಾಳು ಒಡೆದು ತಿನ್ನಲು ಎಂಟು ವಾರ. ಅದಕ್ಕೆ ಮುಂಚೆ ಕೊಂಡರೆ ಗೃಹಸ್ಥನೇ ತಾಯಿಯಾಗಬೇಕು. ಹಿಟ್ಟಿನ ಗಂಜಿ 40 ಡಿಗ್ರಿ ಆಸುಪಾಸಿನ ಬಿಸಿಯಲ್ಲಿರಬೇಕು. ಹೆಚ್ಚಾದರೆ ಮರಿಯ ಗಂಟಲಚೀಲ ಸುಡುತ್ತದೆ, ತಣ್ಣಗಾದರೆ ಅಲ್ಲೇ ಹುಳಿಯುತ್ತದೆ, ತಪ್ಪಿ ಉಸಿರುನಾಳಕ್ಕೆ ಹೋದರೆ ಮರಿ ಕೈಯಲ್ಲೇ ಸಾಯುತ್ತದೆ. ಹೆಂಡತಿ ಮಾಡಿಕೊಟ್ಟ ಚಹಾ ಬಿಸಿಯೋ ತಣ್ಣಗೋ ಎಂದು ಕುಡಿದ ಮೇಲೂ ಹೇಳಲಾರದವನು ಈ ದೀಕ್ಷೆಗೆ ಅರ್ಹನಲ್ಲ.

ಸಿದ್ಧಾಂತ ಪ್ರಕರಣ

ಸಿದ್ಧಾಂತವನ್ನು ಕತ್ತೆಸಂತೆಯಿಂದ ಪಡೆಯತಕ್ಕದ್ದು. ಅಲ್ಲಿ ಕೊಳ್ಳುವವನು ಕತ್ತೆಯ ಬಣ್ಣಕ್ಕೆ ಮರುಳಾಗುವುದಿಲ್ಲ, ಹೆಸರು ಕೇಳುವುದಿಲ್ಲ. ತುಟಿ ಎತ್ತಿ ಹಲ್ಲು ನೋಡುತ್ತಾನೆ, ಹಲ್ಲಿನಿಂದ ವಯಸ್ಸು ಅಳೆಯುತ್ತಾನೆ, ಕಾಲು ನೋಡುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ, ಆಮೇಲೆ ಚೌಕಾಸಿ. ಹಕ್ಕಿಗೆ ಹಲ್ಲಿಲ್ಲ, ಕೊಕ್ಕಿದೆ. ಪೀಚ್ ಫೇಸ್ ಮರಿಯ ಮೇಲ್ಗೊಕ್ಕಿನ ಬುಡದಲ್ಲಿ ಕಪ್ಪು ಮಚ್ಚೆಯಿದ್ದರೆ ಇನ್ನೂ ಎಳೆಯದು. ಕೆಲವು ತಿಂಗಳಲ್ಲಿ ಅದು ಮಾಸುತ್ತದೆ. ಲುಟಿನೋ ಮರಿಗೆ ಆ ಕಪ್ಪೇ ಇರುವುದಿಲ್ಲ. ವರ್ಣವಾದಿ ಇಲ್ಲಿಯೂ ಸಾಕ್ಷಿ ಕಳೆದುಕೊಂಡ. ಮುಂದೆ ಎದೆಯ ನಡುವಿನ ಎಲುಬನ್ನು ಬೆರಳಲ್ಲಿ ಸವರಿ: ಚೂಪಾಗಿ ಸಿಕ್ಕಿದರೆ ಮರಿ ಬಡಕಲು. ಕಣ್ಣು ಹೊಳೆಯಬೇಕು, ಮೂಗಿನ ತೂತು ಒಣಗಿರಬೇಕು, ಬಾಲದ ಕೆಳಗೆ ಹಿಕ್ಕೆ ಮೆತ್ತಿರಬಾರದು, ಸುಮ್ಮನೆ ಕೂತಾಗ ಉಸಿರಿನೊಂದಿಗೆ ಬಾಲ ಕುಣಿಯಬಾರದು. ಪಾದದಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಕಾಲು ಅಗಲಕ್ಕೆ ಚಾಚಿಕೊಂಡಿದ್ದರೆ ಬೇಡ. ಗರಿ ಉಬ್ಬಿಸಿ ಮೂಲೆಯಲ್ಲಿ ತೂಕಡಿಸುವ ಮರಿಯನ್ನು "ಶಾಂತ ಸ್ವಭಾವ" ಎಂದು ಹೊಗಳಿದರೆ, ಅದು ಕಾಯಿಲೆಯ ಪರ್ಯಾಯ ಪದ ಎಂದು ತಿಳಿಯತಕ್ಕದ್ದು.

ರಾಜಶಾಸನವನ್ನೂ ಗಮನಿಸಬೇಕು. ನಮ್ಮೂರ ಮರದ ಗಿಳಿಯನ್ನು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಪೀಚ್ ಫೇಸ್ 2005ರಲ್ಲೇ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಿಂದ ಹೊರಬಂದಿದೆ. ಫಿಶರ್ ಇನ್ನೂ ಅದರ ಎರಡನೆಯ ಅನುಬಂಧದಲ್ಲಿದ್ದು, 2024ರ ನಿಯಮಗಳಂತೆ ಅದನ್ನು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮದುವೆಯ ನೋಂದಣಿ ಇನ್ನೂ ಆಗದವರು ಯಾವುದನ್ನು ಮೊದಲು ಮಾಡಿಸಬೇಕೆಂಬ ಬಗ್ಗೆ ಶಾಸ್ತ್ರಕಾರರಲ್ಲಿ ಒಮ್ಮತವಿಲ್ಲ.

ಫಲಶ್ರುತಿ

ಮರಿ ಕೊಂಡವರು ಅದನ್ನು ಎತ್ತಿಕೊಂಡು ಭಂಡಾರದ ಧೂಳಿಗೆ ಹೋಗಬಾರದು. ಹಕ್ಕಿಯ ಉಸಿರು ಶ್ವಾಸಕೋಶ ದಾಟಿ ಗಾಳಿಚೀಲಗಳವರೆಗೆ ಹೋಗುತ್ತದೆ, ಧೂಳು ತಡೆಯುವುದಿಲ್ಲ. ದರ್ಶನ ಮೊದಲು, ಸ್ನಾನ ಆಮೇಲೆ, ಹಕ್ಕಿ ಕೊನೆಗೆ. ಬ್ರೀಡರ್ ಮನೆಯಲ್ಲಿ ಅರ್ಧ ಗಂಟೆ ಕೂತು, ಮರಿ ತಾನೇ ನವಣೆ ಒಡೆದು ಸಿಪ್ಪೆ ಉಗುಳುವುದನ್ನು ಕಣ್ಣಾರೆ ನೋಡಿ. ನೋಡಿದಿರೋ, ಆಗ ದುಡ್ಡು ಕೊಡಿ. ಕಾಣಲಿಲ್ಲವೋ, ಎಷ್ಟೇ ಮುದ್ದಾಗಿರಲಿ, ಅದರ ತಾಯಿಯ ಹತ್ತಿರವೇ ಬಿಟ್ಟು ಬನ್ನಿ. ಚೆನ್ನಾಗಿ ಸಾಕಿದರೆ 10ರಿಂದ 15 ವರ್ಷ ಬಾಳುವ ಹಕ್ಕಿಗೆ ಎರಡು ವಾರ ಕಾಯಲಾರದವನಿಗಿಂತ, ಹಲ್ಲು ನೋಡಿ ಕತ್ತೆ ಕೊಳ್ಳುವವನೇ ದೊಡ್ಡ ಪಂಡಿತ.