ದಾವಣಗೆರೆಯ ಕರಾವಳಿ: ಒಂದು ಜಲಯಾನ ಮೀಮಾಂಸೆ

ಒಂದು ದಿನ ದೋಣಿಯಲ್ಲಿ ಕುಳಿತು ಹಿನ್ನೀರು ಸುತ್ತಬೇಕೆನಿಸಿದರೆ ಜನ ಹೊನ್ನಾವರದ ಶರಾವತಿಗೋ ಕೋಡಿಬೆಂಗ್ರೆಗೋ ಓಡುತ್ತಾರೆ. ದಾವಣಗೆರೆಯವರಂತೂ ರಾತ್ರಿ ಬಸ್ಸು ಹಿಡಿದು, ಘಾಟಿಯ ತಿರುವಿಗೊಮ್ಮೆ ನಿಂಬೆಹಣ್ಣು ಮೂಸುತ್ತ ಹೋಗುತ್ತಾರೆ. ಈ ಸಂಕಟಕ್ಕೆಲ್ಲ ವ್ಯುತ್ಪತ್ತಿಶಾಸ್ತ್ರದ ಅಜ್ಞಾನವೇ ಕಾರಣ. ದಾವಣಗೆರೆ ಮೂಲತಃ ಬಂದರು.

ಊರಿನ ಹೆಸರು ‘ದಾವಣಿ ಕೆರೆ’ಯಿಂದ ಬಂತೆಂದು ಹಿರಿಯರು ಹೇಳುತ್ತಾರೆ. ದಾವಣಿಯೆಂದರೆ ಕುದುರೆ, ದನ ಕಟ್ಟುವ ಹಗ್ಗವಂತೆ. ಕೆರೆದಂಡೆಯಲ್ಲಿ ಹಗ್ಗ ಕಂಡೊಡನೆ ದನ ನೆನಪಾದವರಿಗೆ ದೋಣಿ ನೆನಪಾಗದೇ ಹೋದದ್ದು ವಿದ್ವತ್ಲೋಕದ ದುರಂತ. ಇನ್ನು 14 ಕಿ.ಮೀ. ಆಚೆ ಹರಿಹರ, ಅಲ್ಲಿ ತುಂಗಭದ್ರೆಯನ್ನು ಕೂಡುವ ಹರಿದ್ರಾ, ಮೇಲೆ ತೇಲುವ ಹರಿಗೋಲು: ಮೂರರಲ್ಲೂ ‘ಹರಿ’ ಇದೆ. ಇಷ್ಟು ಹರಿದರೂ ಸಾಲದೆನ್ನುವವರು, 1224ರಲ್ಲಿ ಹೊಯ್ಸಳರ ದಂಡನಾಥ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇಗುಲಕ್ಕೆ ಬರಲಿ. ಮೂರ್ತಿ ಒಂದೇ, ಅರ್ಧ ಕ್ಷೀರಸಾಗರದಲ್ಲಿ ಮಲಗುವವನು, ಇನ್ನರ್ಧ ಜಟೆಯಲ್ಲಿ ನದಿ ಹೊತ್ತವನು. ಶೈವ-ವೈಷ್ಣವ ಸಾಮರಸ್ಯವೆಂದು ಎಲ್ಲರೂ ಬರೆದರು. ಕಡಲೂ ನದಿಯೂ ಕೂಡುವ ಜಾಗಕ್ಕೆ ಕರಾವಳಿಯವರು ಅಳಿವೆ ಎನ್ನುತ್ತಾರೆಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಪೂರ್ವಪಕ್ಷ: ಹಾಗಾದರೆ ಸಮುದ್ರವೆಲ್ಲಿ? ಉತ್ತರ: ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟಿ, ಹತ್ತಿರದ ಅರಬ್ಬಿ ಕಡಲಿಗೆ ಬೆನ್ನು ಹಾಕಿ, ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತವೆ. ಅಂದರೆ ಸಮುದ್ರ ಇದೆ. ಸ್ವಲ್ಪ ಮುಂದಿದೆ, ಅಷ್ಟೇ. 2016ರ ಕಾಯಿದೆಯ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿ ತುಂಗಭದ್ರೆಯೂ ಇದ್ದಾಳೆ. ಹರಿಹರಕ್ಕೆ ಹಡಗು ಬಾರದಿದ್ದರೆ ಅದು ಹಡಗಿನ ತಪ್ಪು.

ಕ್ಷೇತ್ರಕಾರ್ಯಕ್ಕೆ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಹೊರಟೆವು. ಸಂಶೋಧನೆಯ ಮೊದಲ ಘಟ್ಟ ಬೆಣ್ಣೆದೋಸೆ ಹೋಟೆಲಿನಲ್ಲಿ ಮುಗಿಯುವಾಗ ಹತ್ತೂವರೆ. ಹೊಳೆದಂಡೆಯ ತೆಪ್ಪದವನು ನಮ್ಮನ್ನು ನೋಡಿ, ನೀರನ್ನು ನೋಡಿ, “ದಾಟೋದಾದ್ರೆ ನಡ್ಕೊಂಡೇ ಹೋಗ್ಬೋದು ಬಿಡ್ರಿ ಸಾರ್, ಪ್ಯಾಂಟು ಮಡಚ್ಕಳ್ರಿ” ಎಂದ. ದಾಟುವುದಲ್ಲ, ವಿಹರಿಸುವುದು (ಇದರಲ್ಲೂ ‘ಹರಿ’ ಇದೆ, ಗಮನಿಸಬೇಕು) ಎಂದು ತಿಳಿಹೇಳಿದೆವು. ಇದೇ ಹೊಳೆಯ ಕೆಳದಂಡೆಯ ಚೌಡಯ್ಯದಾನಪುರದಲ್ಲಿ ಐಕ್ಯನಾದ ಅಂಬಿಗರ ಚೌಡಯ್ಯನ ಕೈಗೆ ಸಿಕ್ಕಿದ್ದರೆ ನಮ್ಮ ಗತಿ ಬೇರೆಯಾಗುತ್ತಿತ್ತು. 12ನೇ ಶತಮಾನದ ಆ ವಚನಕಾರನ ಬಾಯಿ ಬಿರುಸು. ಇವನು ಪಾಪ, ಸುಮ್ಮನೆ ಹುಟ್ಟು ಹಾಕಿದ. ದುಂಡನೆಯ ತೆಪ್ಪ ನಿಂತಲ್ಲೇ ತಿರುಗಿದ್ದರಿಂದ ನಾಲ್ಕು ದಿಕ್ಕಿನ ಸಮೀಕ್ಷೆ ಒಂದೇ ಕಡೆ ಮುಗಿಯಿತು. ಎರಡು ಸಲ ಮರಳಿಗೆ ಕಚ್ಚಿಕೊಂಡಾಗ ಸಂಶೋಧಕರೇ ಇಳಿದು ತಳ್ಳಿದರು. ವರದಿಯಲ್ಲಿ ಇವನ್ನು ‘ದ್ವೀಪ’ಗಳೆಂದು ನಮೂದಿಸಿದ್ದೇವೆ.

ಪ್ರವಾಹದ ದಿಕ್ಕು ಅಳೆಯಲು ಒಂದು ಹಿಡಿ ಮಂಡಕ್ಕಿ ಚೆಲ್ಲಿದೆವು. ಅದು ನೇರ ಬಂಗಾಳಕೊಲ್ಲಿಯ ಕಡೆ ಹೊರಟಿತು. ಸಿದ್ಧಾಂತ ರುಜುವಾಯಿತು ಎನ್ನುವಷ್ಟರಲ್ಲಿ ಮೀನುಗಳು ಬಂದು ಆಧಾರವನ್ನೆಲ್ಲ ತಿಂದುಹಾಕಿದವು. ತೆಪ್ಪದವನು ನಮ್ಮ ಕೆಲಸದಲ್ಲಿ ಆಸಕ್ತಿ ತೋರಿಸಿದ್ದು ಆಗಲೇ.

“ಇನ್ನೊಂದು ಹಿಡಿ ಹಾಕ್ರಿ ಸಾರ್,” ಎಂದ, “ಬಲೆ ಬಿಡ್ತೀನಿ.”