ಪೋಡಿ ಮೀಮಾಂಸೆ: ಪಟ್ಟಿ ಒಡೆಯುವ ವಿಧಾನಕ್ಕೆ ಶಾಸ್ತ್ರೋಕ್ತ ನಾಮಕರಣ

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಅಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ, ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಟ್ಟಿ ಒಡೆಯುವುದು. ಪ್ರಯೋಜನ, ಆ ಒಡೆತಕ್ಕೆ ಒಂದು ಮರ್ಯಾದಸ್ಥ ಹೆಸರು. ಅಧಿಕಾರಿ, ಪೈಥಾನ್ ಬಲ್ಲವನು ಇಲ್ಲವೇ ಅಣ್ಣತಮ್ಮಂದಿರ ಜೊತೆ ಜಮೀನು ಪಾಲು ಮಾಡಿಕೊಂಡವನು. ಎರಡನ್ನೂ ಬಲ್ಲವನಿಗೆ ಈ ಗ್ರಂಥದ ಅಗತ್ಯವಿಲ್ಲ. ಸಂಬಂಧ, ಪಾಲು ಮುಗಿದ ಮೇಲೆ ಉಳಿಯುವುದು ಅಪರೂಪವಾದ್ದರಿಂದ ಇಲ್ಲಿ ಚರ್ಚಿಸಿಲ್ಲ.

ಗ್ರಂಥ ಹುಟ್ಟಿದ್ದು ಗಂಗಾನಗರದಲ್ಲಿ. ಬಳ್ಳಾರಿ ರಸ್ತೆಯ ಸಿಬಿಐ ಕಚೇರಿ ಕೂಗಳತೆಯಲ್ಲೇ ಇರುವುದರಿಂದ ಇಲ್ಲಿಯ ವಿದ್ವಾಂಸರು ಪ್ರಮಾಣವಿಲ್ಲದೆ ಬಾಯಿ ತೆರೆಯುವುದಿಲ್ಲ. ಇಗೋ ಪ್ರಮಾಣ: ಪಕ್ಕದ ಹೆಬ್ಬಾಳದಲ್ಲಿ 2018ರಲ್ಲಿ ಪತ್ತೆಯಾದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ ಈ ಸೀಮೆಯನ್ನು ‘ಪೆರ್ಬೊಳಲ್ನಾಡು ಮೂವತ್ತು’ ಎನ್ನುತ್ತದೆ. ಗಂಗರ ರಾಜ್ಯವೋ ‘ಗಂಗವಾಡಿ ತೊಂಬತ್ತಾರು ಸಾವಿರ’. ಹೆಸರಿನ ಬಾಲಕ್ಕೇ ಎಣಿಕೆಯನ್ನು ಕಟ್ಟಿಬಿಡುವ ಈ ಪದ್ಧತಿಯನ್ನು ಈಚಿನವರು ‘ಸ್ಥಿರ ಉದ್ದದ ಅರೇ’ ಎಂದು ಕರೆದು, ತಾವೇ ಕಂಡುಹಿಡಿದೆವೆಂದು ತಿಳಿದಿದ್ದಾರೆ. ಪಟ್ಟಿಯ ಬಗ್ಗೆ ಮಾತಾಡುವ ಹಕ್ಕು ಈ ಸೀಮೆಗೆ ಹನ್ನೆರಡೂವರೆ ಶತಮಾನದಿಂದ ಇದೆ, ಚಲಾಯಿಸಿರಲಿಲ್ಲ, ಅಷ್ಟೆ.

ಪೂರ್ವಪಕ್ಷ

ಪೈಥಾನಿನಲ್ಲಿ ಸ್ಟ್ರಿಂಗ್ ಒಡೆಯಲು ‘ಸ್ಪ್ಲಿಟ್’ ಉಂಟು. ಲಿಸ್ಟಿಗೆ ಆ ಭಾಗ್ಯವಿಲ್ಲ. ನೂರು ಹೆಸರಿನ ಲಿಸ್ಟನ್ನು ಏಳೇಳಾಗಿ ಒಡೆಯಬೇಕಾದಾಗ ಪ್ರತಿ ಆಫೀಸಿನಲ್ಲೂ ಪ್ರತಿಯೊಬ್ಬನೂ ಸ್ವಂತ ಫಂಕ್ಷನ್ ಬರೆದು, ಅದಕ್ಕೆ ತನ್ನ ಮಕ್ಕಳಿಗೆ ಎಂದೂ ಇಡದಂಥ ಹೆಸರು ಇಡುತ್ತಿದ್ದ. 2023ರ ಅಕ್ಟೋಬರಿನಲ್ಲಿ ಬಂದ 3.12ನೇ ಆವೃತ್ತಿ ‘ಐಟರ್‌ಟೂಲ್ಸ್’ ಎಂಬ ಉಗ್ರಾಣದೊಳಗೆ ‘ಬ್ಯಾಚ್ಡ್’ ತಂದಿಟ್ಟಿತು. ಈಗ ನೂರು ಹೆಸರು ಹಾಕಿದರೆ ಏಳರ ಹದಿನಾಲ್ಕು ಕಟ್ಟು, ಕೊನೆಗೆ ಇಬ್ಬರೇ ಇರುವ ಒಂದು ಬಡಕಲು ಕಟ್ಟು ಸಿಗುತ್ತದೆ. ಬಡಕಲು ಕಟ್ಟನ್ನು ಒಲ್ಲದವರಿಗಾಗಿ ಮರುವರ್ಷದ 3.13ರಲ್ಲಿ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಬಂತು: ಲೆಕ್ಕ ಸಮವಾಗದಿದ್ದರೆ ಪ್ರೋಗ್ರಾಮು ಎರರ್ ಕೊಟ್ಟು ಕೂರುತ್ತದೆ.

ಉಳಿದ ಪಂಥಗಳ ಸಂಗತಿ ಇನ್ನೂ ಗೋಜಲು. ಕ್ಲೋಜರ್ ಭಾಷೆಯ ‘ಪಾರ್ಟಿಷನ್’ ಸಮಕಟ್ಟು ಮಾಡಿ, ಕೊನೆಗೆ ಉಳಿದ ಇಬ್ಬರನ್ನು ಸದ್ದಿಲ್ಲದೆ ಕೈಬಿಡುತ್ತದೆ. ಅವರೂ ಬೇಕೆಂದರೆ ‘ಪಾರ್ಟಿಷನ್ ಆಲ್’ ಅನ್ನಬೇಕು. ರೂಬಿ, ಕಾಟ್ಲಿನ್, ಸ್ಕಾಲಾಗಳಲ್ಲಿ ಅದೇ ‘ಪಾರ್ಟಿಷನ್’ ಬೇರೆಯೇ ಕೆಲಸ ಮಾಡುತ್ತದೆ: ಷರತ್ತಿಗೆ ಒಪ್ಪಿದವರು ಈ ಕಡೆ, ಒಪ್ಪದವರು ಆ ಕಡೆ. ಸಮಕಟ್ಟಿಗೆ ಇವರಲ್ಲಿ ಮೊದಲನೆಯವರು ‘ಈಚ್ ಸ್ಲೈಸ್’, ಎರಡನೆಯವರು ‘ಚಂಕ್ಡ್’, ಮೂರನೆಯವರು ‘ಗ್ರೂಪ್ಡ್’ ಎನ್ನುತ್ತಾರೆ. ಜಾವಾಸ್ಕ್ರಿಪ್ಟಿನವರು 2018ರಲ್ಲಿ ಪಟ್ಟಿಯೊಳಗಿನ ಪಟ್ಟಿಗಳನ್ನು ಚಪ್ಪಟೆ ಮಾಡುವ ವಿಧಾನಕ್ಕೆ ‘ಫ್ಲಾಟನ್’ ಎಂದು ಹೆಸರಿಡಲು ಹೋದರು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಆ ಹೆಸರಿನ ಮೇಲೆ ಮೊದಲೇ ಕೂತಿತ್ತು; ಎಬ್ಬಿಸಿದರೆ ಹಳೆಯ ಜಾಲತಾಣಗಳು ಮುರಿದು ಬೀಳುತ್ತಿದ್ದವು. ‘ಸ್ಮೂಶ್’ ಎಂಬ ತಮಾಷೆಯ ಹೆಸರೂ ಸೂಚನೆಗೆ ಬಂದು ಗದ್ದಲವೆದ್ದು, ಕೊನೆಗೆ ‘ಫ್ಲಾಟ್’ಗೆ ರಾಜಿಯಾಯಿತು. ಜಾಗದ ತಕರಾರೆಲ್ಲ ಫ್ಲಾಟಿನಲ್ಲೇ ಮುಗಿಯುವುದು ನಮ್ಮ ಊರಿನಲ್ಲೂ ವಾಡಿಕೆ.

ಶೂನ್ಯಾಧಿಕರಣ

ಖಾಲಿ ಸ್ಟ್ರಿಂಗನ್ನು ಏನೂ ಹೇಳದೆ ಸ್ಪ್ಲಿಟ್ ಮಾಡಿದರೆ ಪೈಥಾನ್ ಖಾಲಿ ಪಟ್ಟಿ ಕೊಡುತ್ತದೆ. ‘ಅಲ್ಪವಿರಾಮ ಕಂಡಲ್ಲಿ ಒಡೆ’ ಎಂದು ಹೇಳಿ ಮಾಡಿದರೆ, ಒಂದು ಖಾಲಿ ಸ್ಟ್ರಿಂಗನ್ನು ಒಳಗಿಟ್ಟುಕೊಂಡ ಪಟ್ಟಿ ಕೊಡುತ್ತದೆ. ಮೊದಲನೆಯದು ಶೂನ್ಯವಾದ. ಎರಡನೆಯದು, ಅಭಾವವೂ ಒಂದು ಪದಾರ್ಥವೇ ಎಂಬ ವೈಶೇಷಿಕರ ವಾದ. ಒಂದೇ ಮೆಥಡ್ಡಿಗೆ ಎರಡು ದರ್ಶನ. ಗಂಗಾನಗರ ಪಂಥಕ್ಕೆ ಎರಡೂ ಮಾನ್ಯ: ಆಸ್ತಿಯೇ ಇಲ್ಲದ ಮನೆಗಳಲ್ಲೂ ಪಾಲಿನ ಜಗಳ ನಡೆಯುವುದು ಪ್ರತ್ಯಕ್ಷ ಪ್ರಮಾಣ.

ಪಾಣಿನ್ಯಧಿಕರಣ

ಪಟ್ಟಿಯಿಂದ ತುಂಡು ತೆಗೆಯುವ ಕಲೆಯಲ್ಲಿ ಪಾಣಿನಿಯ ಮುಂದೆ ಇವರೆಲ್ಲ ನಿನ್ನೆ ಮೊನ್ನೆಯವರು. ಧ್ವನಿಗಳನ್ನೆಲ್ಲ 14 ಸೂತ್ರಗಳ ಪಟ್ಟಿಯಲ್ಲಿ ಕೂರಿಸಿ, ಪ್ರತಿ ಸೂತ್ರದ ಕೊನೆಗೆ ಒಂದು ‘ಇತ್’ ಅಕ್ಷರ ನೆಡಲಾಗಿದೆ. ಆರಂಭದ ಧ್ವನಿಯನ್ನೂ ಕೊನೆಯ ಇತ್ತನ್ನೂ ಜೋಡಿಸಿದರೆ ನಡುವಿನದೆಲ್ಲ ಕೈಗೆ ಬರುತ್ತದೆ: ‘ಅಚ್’ ಎಂದರೆ ಸ್ವರಗಳೆಲ್ಲ, ‘ಹಲ್’ ಎಂದರೆ ವ್ಯಂಜನಗಳೆಲ್ಲ. ಇತ್ತು ಮಾತ್ರ ಎಣಿಕೆಗೆ ಸೇರದು. ಒಡೆಯುವ ಗುರುತು ಒಡೆದ ಮೇಲೆ ಯಾರ ಪಾಲಿಗೂ ಇಲ್ಲವೆಂಬ ತೀರ್ಪು ಹೀಗೆ ಬಹು ಹಿಂದೆಯೇ ಆಗಿದೆ. ಆದರೂ ಒಂದು ಬಗ್ ಉಳಿಯಿತು. ‘ಣ್’ ಎಂಬ ಇತ್ತು ಮೊದಲ ಸೂತ್ರದಲ್ಲೂ ಇದೆ, ಆರನೆಯದರಲ್ಲೂ ಇದೆ. ಹಾಗಾದರೆ ‘ಅಣ್’ ಎಂದಾಗ ಯಾವ ‘ಣ್’ವರೆಗೆ? ವ್ಯಾಖ್ಯಾನಕಾರರು ಅಂದಿನಿಂದ ಟಿಕೆಟ್ ಕ್ಲೋಸ್ ಮಾಡುತ್ತಲೇ ಇದ್ದಾರೆ.

ಸಿದ್ಧಾಂತ

ಎಲ್ಲ ಪಂಥಗಳ ಜಗಳವನ್ನೂ ಭಟ್ಟಿ ಇಳಿಸಿದರೆ ಉಳಿಯುವುದು ಎರಡೇ ಪ್ರಶ್ನೆ. ಬದು ಯಾರಿಗೆ? ಮಿಕ್ಕದ್ದು ಯಾರಿಗೆ? ಸ್ಪ್ಲಿಟ್, ಚಂಕ್, ಸ್ಲೈಸ್ ಎಂಬ ಹೆಸರುಗಳು ಕತ್ತಿಯ ಬಗ್ಗೆ ಹೇಳುತ್ತವೆ, ಈ ಎರಡರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಎರಡಕ್ಕೂ ಉತ್ತರ ಸಿದ್ಧವಾಗಿಟ್ಟುಕೊಂಡ ಒಡೆತ ಒಂದೇ, ಅದು ನಮ್ಮ ಕಂದಾಯ ಇಲಾಖೆಯದು. ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಒಂದು ಕುಟುಂಬವೇ ಸಾಲಾಗಿ ನಿಂತಿರುವಾಗ, ಭೂಮಾಪಕರು ಬಂದು ಅಳೆದು 45/1, 45/2, 45/3 ಎಂದು ಹಿಸ್ಸೆ ಮಾಡಿ, ಒಬ್ಬೊಬ್ಬರಿಗೂ ಬೇರೆ ನಕ್ಷೆ, ಬೇರೆ ಪಹಣಿ ಆಗುವಂತೆ ಮಾಡುವ ಈ ವಿಧಾನವೇ ಪೋಡಿ. ಆದ್ದರಿಂದ ಪಟ್ಟಿ ಒಡೆಯುವ ಮೆಥಡ್ಡಿಗೆ ‘ಪೋಡಿ’ ಎಂಬ ಹೆಸರೇ ಸಲ್ಲತಕ್ಕದ್ದು. ಪ್ರಯೋಗ: ಪಟ್ಟಿ.ಪೋಡಿ(7, ಬದು, ಖರಾಬು).

ಸೂತ್ರ 1: ಹಿಸ್ಸೆಗಳ ಮೊತ್ತ ಆಕಾರ್‌ಬಂದಿಗೆ ತಾಳೆಯಾಗತಕ್ಕದ್ದು.
ವೃತ್ತಿ: ಮೂಲ ವಿಸ್ತೀರ್ಣದ ಆ ದಾಖಲೆಯಲ್ಲಿ ನೂರಿದ್ದರೆ ಒಡೆದ ಮೇಲೂ ನೂರಿರಬೇಕು. ಇಬ್ಬರನ್ನು ಕೈಬಿಡುವ ಕ್ಲೋಜರ್ ಪದ್ಧತಿಯನ್ನು ಇಲ್ಲಿ ಒತ್ತುವರಿ ಎಂದು ಪರಿಗಣಿಸಲಾಗುವುದು.

ಸೂತ್ರ 2: ಬದು ಹೇಳದೆ ಒಡೆಯತಕ್ಕದ್ದಲ್ಲ.
ವೃತ್ತಿ: ಒಡೆಯುವ ಗುರುತು ಎಡದವನಿಗೋ, ಬಲದವನಿಗೋ, ಪಾಣಿನಿ ಮತದಂತೆ ಯಾರಿಗೂ ಇಲ್ಲವೋ ಎಂಬುದನ್ನು ಮೊದಲೇ ಬರೆಸಬೇಕು. ಬರೆಸದಿದ್ದರೆ ಪ್ರತಿ ಮಳೆಗಾಲದಲ್ಲೂ ಬದು ಒಂದು ಗೇಣು ಸರಿಯುತ್ತದೆ. ಯಾವ ಕಡೆಗೆ ಎಂಬುದು ನೇಗಿಲು ಯಾರದು ಎಂಬುದರ ಮೇಲೆ ನಿಂತಿದೆ.

ಸೂತ್ರ 3: ಮಿಕ್ಕದ್ದು ಖರಾಬು, ಅದು ‘ಅ’ ಮತ್ತು ‘ಬ’ ಎಂದು ದ್ವಿವಿಧ.
ವೃತ್ತಿ: ಸಾಗುವಳಿಗೆ ಬಾರದಿದ್ದರೂ ಹಿಡುವಳಿದಾರನ ಬಳಿಯೇ ಇರುವುದು ಅ ಖರಾಬು. ಮಿಕ್ಕದ್ದನ್ನು ಕಟ್ಟಿಗೆ ಸೇರಿಸದೆ, ಕೇಳಿದವರಿಗೆ ಬೇರೆಯಾಗಿ ತೋರಿಸುವ ರಸ್ಟ್ ಭಾಷೆಯ ‘ಚಂಕ್ಸ್ ಎಕ್ಸಾಕ್ಟ್’ ಈ ಮತಕ್ಕೆ ಸೇರಿದ್ದು. ದಾರಿ, ಹಳ್ಳ, ಸ್ಮಶಾನಗಳಂತೆ ಸಾರ್ವಜನಿಕರಿಗೆ ಬಿಟ್ಟದ್ದು ಬ ಖರಾಬು. ಪ್ರೋಗ್ರಾಮಿಗರು ಇದನ್ನು ಗ್ಲೋಬಲ್ ವೇರಿಯಬಲ್ ಎನ್ನುತ್ತಾರೆ. ಎಲ್ಲರೂ ತುಳಿಯುತ್ತಾರೆ, ಯಾರೂ ಗುಡಿಸುವುದಿಲ್ಲ. ಉದಾಹರಣೆಗೆ, ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ಒಟ್ಟು 43,560. ಇದನ್ನು ಮೂವತ್ತು ನಲವತ್ತರ ಸೈಟುಗಳಾಗಿ ಒಡೆದರೆ 36 ಸೈಟು, ಮಿಕ್ಕದ್ದು 360 ಚದರಡಿ. ಇಷ್ಟು ಚೊಕ್ಕ ಲೆಕ್ಕ ಹೇಗೆ ಬಂತೆಂದು ಶಿಷ್ಯರು ಕೇಳಬಹುದು. ರಸ್ತೆ ಬಿಟ್ಟಿಲ್ಲ, ಅದಕ್ಕೇ.

ಸೂತ್ರ 4: ಒಡೆದದ್ದನ್ನು ಕೂಡಿಸಬಹುದು, ಮೊದಲಿನದು ಬರುವುದೆಂಬ ಭರವಸೆಯಿಲ್ಲ.
ವೃತ್ತಿ: ಅಲ್ಪವಿರಾಮದಲ್ಲಿ ಒಡೆದದ್ದನ್ನು ಅದೇ ಅಲ್ಪವಿರಾಮದಿಂದ ಜೋಡಿಸಿದರೆ ಪೈಥಾನ್ ಮೂಲವನ್ನೇ ಮರಳಿಸುತ್ತದೆ. ಬೆಂಗಳೂರು ಮರಳಿಸುವುದಿಲ್ಲ. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಎಂದು ಪುರಸಭೆ ಎರಡಾಯಿತು. 1949ರಲ್ಲಿ ಎರಡನ್ನೂ ಕೂಡಿಸಿ ಒಂದು ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಅದಕ್ಕೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಎಂದರು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು, ಗಂಗಾನಗರ ಉತ್ತರದವರ ಪಾಲಿಗೆ ಬಂತು. ಐದಕ್ಕೂ ಸೇರಿ ಗೊತ್ತುಮಾಡಿದ ವಾರ್ಡುಗಳು 369. ಸಮಕಟ್ಟಾಗಿದ್ದರೆ ತಲಾ 73, ಖರಾಬು ನಾಲ್ಕು. ಸರ್ಕಾರ ಷರತ್ತಿನ ಮೇಲೆ ಒಡೆಯುವ ರೂಬಿ ಮತವನ್ನು ಹಿಡಿದಿದೆ. ಷರತ್ತು ಯಾವುದೆಂಬುದು ಭಾಷ್ಯಕ್ಕೆ ಬಿಟ್ಟದ್ದು.

ಆಕ್ಷೇಪ, ಸಮಾಧಾನ

ಕನ್ನಡದ ಹೆಸರನ್ನು ಪೈಥಾನ್ ಒಪ್ಪೀತೇ? ಒಪ್ಪುತ್ತದೆ. 2007ರ ಪ್ರಸ್ತಾವ 3131 ಅಂಗೀಕಾರವಾದ ಮೇಲೆ ಮೂರನೆಯ ಪೈಥಾನಿನಲ್ಲಿ ಯಾವ ಲಿಪಿಯ ಹೆಸರೂ ನಡೆಯುತ್ತದೆ. ‘ಪೋಡಿ’, ‘ಬದು’, ‘ಖರಾಬು’ ಮೂರಕ್ಕೂ ತಡೆಯಿಲ್ಲ. ‘ಆಕಾರ್‌ಬಂದ್’ ಮಾತ್ರ ಸಲ್ಲದು: ಅದರ ಅರ್ಧ ರಕಾರಕ್ಕೂ ಬಕಾರಕ್ಕೂ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಗುರುತೊಂದು ಕೂತಿದೆ. ಅದನ್ನು ಕಂಡರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಎನ್ನುತ್ತದೆ. ಕಾಣದ ಬದುವನ್ನೂ ಪತ್ತೆ ಹಚ್ಚುವ ಭಾಷೆಯನ್ನು ಸರ್ವೆ ಇಲಾಖೆಗೆ ಎರವಲು ಕೊಡಬಹುದು.

ಪೋಡಿ ನಿಧಾನವಲ್ಲವೇ? ನಿಧಾನವಲ್ಲ, ಲೇಜಿ. ‘ಬ್ಯಾಚ್ಡ್’ ಕೂಡ ಎಲ್ಲ ಕಟ್ಟುಗಳನ್ನೂ ಒಮ್ಮೆಗೇ ಮಾಡಿಡುವುದಿಲ್ಲ. ಬಂದು ಕೇಳಿದಾಗ ಒಂದನ್ನು ಕೊಟ್ಟು, ಮತ್ತೆ ಕೇಳುವವರೆಗೆ ಸುಮ್ಮನಿರುತ್ತದೆ. ಪ್ರೋಗ್ರಾಮಿಗರು ಇದನ್ನು ಮೆಮೊರಿ ಉಳಿತಾಯವೆಂದು ಹೊಗಳುತ್ತಾರೆ. ಕಡತಕ್ಕೂ ಅದೇ ಗೌರವ ಸಲ್ಲಬೇಕು.

ಷೆಡ್ಯೂಲ್

‘ಪೋಡಿ’ ಎಂಬ ಹೆಸರಿನ ಸ್ವತ್ತಿಗೆ ಚೆಕ್ಕುಬಂದಿ: ಪೂರ್ವಕ್ಕೆ ಜಪಾನಿನಲ್ಲಿ ಹುಟ್ಟಿದ ರೂಬಿಯವರ ‘ಈಚ್ ಸ್ಲೈಸ್’. ಪಶ್ಚಿಮಕ್ಕೆ ಅಮೆರಿಕದ ಕ್ಲೋಜರ್‌ನವರ ‘ಪಾರ್ಟಿಷನ್’. ಉತ್ತರಕ್ಕೆ ರಷ್ಯಾದ ದ್ವೀಪವೊಂದರ ಹೆಸರು ಹೊತ್ತ ಕಾಟ್ಲಿನ್ನವರ ‘ಚಂಕ್ಡ್’. ದಕ್ಷಿಣಕ್ಕೆ ರಾಜಕಾಲುವೆ, ನಕ್ಷೆಯಲ್ಲಿ ಮಾತ್ರ. ಈ ಮಧ್ಯೆ ಇರುವ ಹೆಸರಿನ ಮೇಲೆ ಹಕ್ಕು, ಕ್ರಯ, ಭೋಗ್ಯ, ಅಡಮಾನ ಇತ್ಯಾದಿ ಇರುವವರು ದಾಖಲೆ ಸಮೇತ ತಕರಾರು ಸಲ್ಲಿಸತಕ್ಕದ್ದು. ಬಂದ ತಕರಾರುಗಳನ್ನು ಏಳೇಳರಂತೆ ಪೋಡಿ ಮಾಡಿ ವಿಚಾರಣೆಗೆ ಎತ್ತಿಕೊಳ್ಳಲಾಗುವುದು. ಕೊನೆಗೆ ಏಳು ತುಂಬದೆ ಮಿಕ್ಕ ತಕರಾರುಗಳನ್ನು ಬ ಖರಾಬೆಂದು ಪರಿಗಣಿಸಿ ಸಾರ್ವಜನಿಕರ ಉಪಯೋಗಕ್ಕೆ ಬಿಡಲಾಗುವುದು.