ಹರವಿ ಮ್ಯಾಲಿನ ಆಟ

"ಕಾಕಾ, ಮದಿವ್ಯಾಗ ಐರಾಣಿ ಗಡಿಗಿಗೆ ಸುಣ್ಣ-ಕೆಮ್ಮಣ್ಣಿನ ಚಿತ್ರ ಬರೀತಾರಲ್ರಿ, ಗ್ರೀಕರು ಹಂಗ ನಾಟಕಾನ ಬರದಿಟ್ಟಾರ!"

ಬೇಲಿಯಾಚೆ ಎಮ್ಮಿಗೆ ಕಣಿಕಿ ಹಾಕಾಕತ್ತಿದ್ದ ಕಾಕಾ ತಿರುಗಿ ನಿಂತ್ರು. "ಗಡಿಗಿ ಮ್ಯಾಲ ನಾಟಕೇನೋ ತಮ್ಮಾ?"

"ಹೌದ್ರಿ. ತಿಕೋಟಾ ಕಡೆ ನಾವು ದ್ರಾಕ್ಷಿ ಒಣಗಿಸಿ ಮಾರ್ತೀವಿ, ಅವರು ಹಿಂಡಿ ಸೆರೆ ಮಾಡ್ತಿದ್ರು. ಸೆರೆಗೆ ನೀರು ಬೆರಸೋ ದೊಡ್ಡ ಬಾಯಿ ಹರವಿಗೆ ಕ್ರೇಟರ್ ಅಂತಿದ್ರು. ಸೆರೆಗೂ ನಾಟಕಕ್ಕೂ ಒಬ್ಬನ ದ್ಯಾವ್ರು, ಡಯೋನಿಸಸ್. ದಕ್ಷಿಣ ಇಟಲ್ಯಾಗ ನೆಲಸಿದ ಗ್ರೀಕರು ಕ್ರಿ.ಪೂ. 4ನೇ ಶತಮಾನದಾಗ ಹರವಿ ಮ್ಯಾಲ ಕಟಿಗಿ ಅಟ್ಟ, ಏರಾಕ ಪಾವಟಿಗಿ, ಮುಖವಾಡ, ಹೊಟ್ಟಿಗೆ ಮೆತ್ತಿ ಕಟ್ಟಿಕೊಂಡ ಹಾಸ್ಯಗಾರ ಎಲ್ಲಾ ಬರದಾರ. ಸುತ್ತ ಕರಿ ಬಳದು, ಆಳನ್ನ ಮಣ್ಣಿನ ಕೆಂಪಿನಾಗ ಬಿಡ್ತಿದ್ರು."

"ಅಟ್ಟ ಅಂದ್ರ ನಮ್ಮ ದೊಡ್ಡಾಟದ್ದ ಆತಲ್ಲ! ಕಥಿ ಹೇಳು."

"ಜರ್ಮನಿಯ ವುರ್ಟ್ಸ್‌ಬುರ್ಗ್ ಮ್ಯೂಜಿಯಂನಾಗ ಒಂದು ಹರವಿ ಐತ್ರಿ. ಅದರ ಮ್ಯಾಲಿನ ಆಟ ಅರಿಸ್ಟೊಫನೀಸ್ ಅನ್ನೋ ನಾಟಕಕಾರ ಬರದದ್ದು, ಕ್ರಿ.ಪೂ. 411ರಾಗ ಅಥೆನ್ಸ್‌ನಾಗ ಆಡಿದ್ದು. ಹೆಂಗಸರ ಹಬ್ಬಕ್ಕ ಗಂಡಸೊಬ್ಬ ಹೆಣ್ಣಿನ ವೇಷದಾಗ ನುಗ್ಗಿ ಸಿಕ್ಕಿಬೀಳ್ತಾನ. ಒಬ್ಬಾಕಿ ಕೂಸು ಕಸಗೊಂಡು ಬಲಿಕಟ್ಟಿ ಕಡೆ ಓಡ್ತಾನ, ಕೊಯ್ದಬಿಡ್ತೀನಿ ಅಂತ ಹೆದರಸ್ತಾನ. ಬಟ್ಟಿ ಬಿಚ್ಚಿದ್ರ ಕೂಸಲ್ಲ, ಸೆರೆ ತುಂಬಿದ ತೊಗಲಚೀಲ! ಅದಕ್ಕ ಬೂಟು ಬ್ಯಾರೆ ತೊಡಸ್ಯಾರ. ಅಂವ ಕತ್ತಿ ಎತ್ಯಾನ. ಅವ್ವ ಅನ್ನಾಕಿ 'ರಗತ' ಹಿಡಿಯಾಕ ಬೋಗುಣಿ ತಗೊಂಡು ಓಡಿ ಬರಾಕತ್ತಾಳ. ಚಿತ್ರಗಾರ ಅದ ಗಳಿಗಿ ಹಿಡದಾನ. ಆಟ ಆಡಿ ಸುಮಾರು 40 ವರ್ಷದ ಮ್ಯಾಲ, ಸಮುದ್ರದಾಚೆ! ಅಷ್ಟು ದಿನ, ಅಷ್ಟು ದೂರ ಆಟ ಜೀವಂತ ಇತ್ತು ಅಂತ ಆ ಹರವಿಯಿಂದ ಗೊತ್ತಾತ್ರಿ."

ಕಾಕಾ ಬೋಗುಣಿ ಮಾತಿಗೆ ನಕ್ಕೋತ ನಿಂತ್ರು. "ನಮ್ಮ ಕಡೆ ಬರಲಿಲ್ಲೇನು ಅವರ ಆಟ?"

"ನಮ್ಮ ಕಡಲ ದಂಡಿನ ಅವರ ಆಟದಾಗ ಹೋಗೈತ್ರಿ. ಈಜಿಪ್ಟಿನ ಆಕ್ಸಿರಿಂಕಸ್‌ನಾಗ ಸಿಕ್ಕ ಪಪೈರಸ್ ಹಾಳ್ಯಾಗ ಒಂದು ಗ್ರೀಕ್ ಪ್ರಹಸನ ಐತಿ. ಭಾರತದ ದಂಡ್ಯಾಗ ಸೆರೆಸಿಕ್ಕ ಚಾರಿಶನ್ ಅನ್ನೋ ಹುಡುಗಿನ್ನ ಬಿಡಸಾಕ ರಾಜಗ ನೀರು ಬೆರಸದ ಸೆರೆ ಕುಡಸ್ತಾರ. ಆ ರಾಜನ ಕಡೆಯವರ ಮಾತು ಕನ್ನಡ ಅಂತ 1904ರಾಗ ಹುಲ್ಟ್ಶ್ ಅನ್ನೋ ಪಂಡಿತ ಹೇಳಿದ. ಒಪ್ಪದವರೂ ಅದಾರ."

"ನಮ್ಮ ಆಟ ನಮ್ಮ ಹರವಿ ಮ್ಯಾಲ ಯಾಕ ಬರಲಿಲ್ಲೋ?"

"ಅದ ನನ್ನ ಸಂಕಟಾರಿ. ಕುಲಗೋಡ ತಮ್ಮಣ್ಣನ ಪಾರಿಜಾತದ ಹಾಡು ಇನ್ನೂ ಬಾಯಾಗ ಅದಾವ. ಕಳ್ಳಕವಟಗ್ಯಾಗ ನೀವು ನೋಡಿದ ದೊಡ್ಡಾಟದ ವೇಷ, ವೇಷಗಾರರ ನಿಲುವು, ಹೆಜ್ಜಿ, ನಿಮ್ಮ ಕಣ್ಣಾಗಷ್ಟ ಅದಾವ. ಗ್ವಾಡಿ ಮ್ಯಾಲಾದ್ರೂ ಬರಸೂಣ್ರಿ."

"ಹಂಗಾದ್ರ ಹಾಳಿ ತಗೊಂಡು ಬಾ. ಭುಜಕೀರ್ತಿ ಎಷ್ಟು ಅಗಲ ಇರತಿತ್ತು, ಭೀಮ ಗದಾ ಯಾವ ಹೆಗಲಿಗೆ ಇಡತಿದ್ದ, ಎಲ್ಲಾ ಹೇಳ್ತೀನಿ."